ಕಂಚಿಯಲ್ಲಿ ಕೇಳಿಸಿದ ತೋಪಿನ ಸದ್ದು

ಫಿಲಡೆಲ್ಫಿಯಾ
ಜುಲೈ 28

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಆಯಿಯ ಮಂಡಿನೋವು ಕಡಿಮೆಯಾಗಿದೆಯೆಂದು ತಮ್ಮ ಹೇಳಿದ, ಸಮಾಧಾನವಾಯಿತು. ಅಡಿಕೆಗೆ ಎರಡನೆಯ ಮದ್ದು ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲವಂತೆ. ಈ ಪತ್ರ ತಲುಪುವ ಹೊತ್ತಿಗೆ ಎರಡು ದಿನವಾದರೂ ಬಿಸಿಲು ಬಂದಿರಲಿ.

ಹೋದ ಸಲ ಫೋನಿನಲ್ಲಿ ನೀವು ಕೇಳಿದಿರಿ: "ಸಾವಿರಾರು ಜನ ಸತ್ತ ಕಾಳಗವನ್ನು ಮೇಜಿನ ಮೇಲೆ ಗೊಂಬೆ ಇಟ್ಟು ಆಡುವುದು ಸರಿಯೇ ಕೂಸೇ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಸಮಾವೇಶ ಮುಗಿದು ಮನೆಗೆ ಬಂದಾಗಿನಿಂದ ಅದೇ ಮಾತು ತಲೆಯಲ್ಲಿದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹಿಸ್ಟೋರಿಕಾನ್ ಎಂಬ ಈ ಸಮಾವೇಶ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಅದನ್ನು ನಡೆಸುವುದು ಹಿಸ್ಟಾರಿಕಲ್ ಮಿನಿಯೇಚರ್ಸ್ ಗೇಮಿಂಗ್ ಸೊಸೈಟಿ. ಈ ಸಲ ಲ್ಯಾಂಕಾಸ್ಟರ್‌ನಲ್ಲಿತ್ತು, ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ. ಊರು ದಾಟಿದರೆ ಎರಡೂ ಕಡೆ ಜೋಳದ ಹೊಲ, ರಸ್ತೆಯ ಅಂಚಿನಲ್ಲಿ ಆಮಿಷ್ ಜನರ ಕುದುರೆಗಾಡಿಗಳು. ಸಮಾವೇಶದ ಒಳಗೆ ಹೋದರೆ ಕಣ್ಣು ಹಾಯುವವರೆಗೂ ಮೇಜುಗಳು, ಒಂದೊಂದು ಮೇಜಿನ ಮೇಲೆ ಒಂದೊಂದು ಕಾಲ. ಒಂದೆಡೆ ರೋಮನ್ನರು, ಪಕ್ಕದಲ್ಲಿ ನೆಪೋಲಿಯನ್, ಅದರಾಚೆ ಗೆಟ್ಟಿಸ್‌ಬರ್ಗ್. ಗೆಟ್ಟಿಸ್‌ಬರ್ಗ್‌ನ ನಿಜವಾದ ರಣಭೂಮಿ ಅಲ್ಲಿಂದ ಒಂದು ಗಂಟೆ ಚಿಲ್ಲರೆ ದಾರಿ. ಆಡಿಸುವವರು ಮೊದಲೇ ಅರ್ಜಿ ಹಾಕಿ ಮೇಜು ಪಡೆಯುತ್ತಾರೆ, ಆಡುವವರು ತಮಗೆ ಬೇಕಾದ ಆಟಕ್ಕೆ ಹೆಸರು ಬರೆಸುತ್ತಾರೆ. ನಾಲ್ಕು ಗಂಟೆಯ ಅವಧಿ. ಸುತ್ತ ಕೂರುವವರೆಲ್ಲ ಅಪರಿಚಿತರು. ಅವರಿಗೆ ನಿಯಮ ಕಲಿಸಿ, ಕಾಳಗ ನಡೆಸಿ, ಅವಧಿಯೊಳಗೆ ಮುಗಿಸಿ ಮೇಜು ಬಿಟ್ಟುಕೊಡಬೇಕು. ಶುಕ್ರವಾರ ಸಂಜೆ ಒಮ್ಮೆ, ಶನಿವಾರ ಬೆಳಗ್ಗೆ ಒಮ್ಮೆ ನಾನು ಆಡಿಸಿದ್ದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕಾಳಗ. ಮೈಸೂರಿನ ಹೈದರನೂ ಅವನ ಮಗ ಟಿಪ್ಪುವೂ ಕಂಚಿಯ ಬಳಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸೋಲಿಸಿದ ಕಾಳಗ ಅದು.

ನಾನು ಏಳನೆಯ ತರಗತಿಯಲ್ಲಿದ್ದಾಗ ನೀವು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದದ್ದು ನೆನಪಿದೆಯೇ? ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲಿರುವ ಈ ಕಾಳಗದ ಚಿತ್ರದ ಮುಂದೆ ನಾನು ನಿಂತೇ ಬಿಟ್ಟಿದ್ದೆ. ಬಸ್ಸು ತಪ್ಪುತ್ತದೆಂದು ಆಯಿ ಗದರಿದ್ದರು. ಆನೆ, ಕುದುರೆ, ಸಾಲುಸಾಲು ಸೈನಿಕರು. ನಡುವೆ ಕೆಂಪಂಗಿಯ ಕಂಪನಿ ಸೈನಿಕರು ನಾಲ್ಕೂ ಕಡೆ ಮುಖಮಾಡಿ ನಿಂತ ಚೌಕ, ಅದರೊಳಗೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತ ಕರ್ನಲ್ ಬೈಲಿ. ಆ ಗೋಡೆಯನ್ನೇ ನಾನು ಒಂಬತ್ತು ತಿಂಗಳು ಕುಳಿತು ಮೇಜಿಗೆ ಇಳಿಸಿದೆ ಎಂದರೆ ತಪ್ಪಾಗದು.

ಗೊಂಬೆಗಳು ತವರದ ಮಿಶ್ರಲೋಹದವು, 15 ಮಿಲಿಮೀಟರ್ ಅಳತೆಯವು. ನಿಮ್ಮ ಕಿರುಬೆರಳಿನ ತುದಿಯ ಗೆಣ್ಣಿಗಿಂತ ಚಿಕ್ಕವು. ಒಂದು ಗೊಂಬೆ ಇಪ್ಪತ್ತು ಮಂದಿಗೆ ಸಮ. ಬೈಲಿಯ ಬಳಿ ಸುಮಾರು 3,800 ಮಂದಿ ಇದ್ದರು, ಆದ್ದರಿಂದ 190 ಗೊಂಬೆ. ಮೈಸೂರು ಕಡೆಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಮಾಡಿದೆ. ಅಷ್ಟೂ ಸಾಲದು, ಆದ್ದರಿಂದ ಚದುರಿದ ಸವಾರರು ಎರಡು ಸರದಿ ಕಳೆದ ಮೇಲೆ ಹಿಂದಿನಿಂದ ಮತ್ತೆ ಬರುತ್ತಾರೆ ಎಂಬ ನಿಯಮ ಇಟ್ಟೆ. ಕಂಪನಿಯ ಸಿಪಾಯಿಗಳಿಗೆ ಕೆಂಪು ಅಂಗಿ, ಮೊಣಕಾಲಿನ ಮೇಲೆ ನಿಲ್ಲುವ ಬಿಳಿ ಚಡ್ಡಿ. ಮೈಸೂರಿನವರಿಗೆ ಹುಲಿಪಟ್ಟೆ ಬಳಿಯಲು ಕೈ ತುಡಿಯಿತು, ಬಳಿಯಲಿಲ್ಲ. ಅದು ಟಿಪ್ಪುವಿನ ಆಳ್ವಿಕೆಯ ಗುರುತು. 1780ರಲ್ಲಿ ಹೈದರ್ ಇನ್ನೂ ಬದುಕಿದ್ದ, ಸೈನ್ಯ ಅವನದು. ಗದ್ದೆಗಳಿಗೆ ಏನು ಬಳಸಿದೆ ಗೊತ್ತೇ? ಬಾಗಿಲಲ್ಲಿ ಹಾಸುವ ತೆಂಗಿನ ನಾರಿನ ಕಾಲೊರೆಸು. ತುಂಡು ಮಾಡಿ ಹಸಿರು ಬಳಿದರೆ ನಾಟಿಯಾಗಿ ತಿಂಗಳಾದ ಗದ್ದೆಯಂತೆಯೇ ಕಾಣುತ್ತದೆ. ಅಂಗಡಿಯ ದುಬಾರಿ ಹುಲ್ಲಿಗಿಂತ ಅದೇ ಚೆನ್ನ. ಇವರು ಒಂದಿಡೀ ವಾರ ನಾರಿನ ಚೂರು ಗುಡಿಸಿದರು, ಒಂದು ಮಾತೂ ಆಡಲಿಲ್ಲ.

ಬಣ್ಣ, ಗದ್ದೆ ಕೈಕೆಲಸ. ಕಷ್ಟವಿದ್ದದ್ದು ಕಾಳಗದಲ್ಲಿಯೇ. ಕಂಪನಿಯ ಮುಖ್ಯ ಸೈನ್ಯ ಹೆಕ್ಟರ್ ಮನ್ರೋನ ಕೈಕೆಳಗೆ ಕಂಚಿಯಲ್ಲಿ ಕುಳಿತಿತ್ತು. ಅದನ್ನು ಸೇರಲು ಬೈಲಿ ಉತ್ತರದಿಂದ ಬರುತ್ತಿದ್ದ. ಆಗಸ್ಟ್ 25ರಂದು ಕೊರ್ತಲೆಯಾರ್ ಹೊಳೆಯ ದಂಡೆಗೆ ಬಂದವನು ಅಂದೇ ದಾಟದೆ ಬಿಡಾರ ಹೂಡಿದ. ರಾತ್ರಿ ಹೊಳೆ ಉಕ್ಕಿ, ದಿನಗಟ್ಟಲೆ ಅಲ್ಲಿಯೇ ಸಿಕ್ಕಿಬಿದ್ದ. ದಾಟಿ ಬಂದ ಮೇಲೆ ಟಿಪ್ಪು ದಾರಿಗಡ್ಡವಾದ. ಮನ್ರೋ ಫ್ಲೆಚರ್ ಎಂಬವನ ಜೊತೆ ಸುಮಾರು ಸಾವಿರ ಮಂದಿಯನ್ನು ಕಳಿಸಿದನೇ ಹೊರತು ತಾನು ಕದಲಲಿಲ್ಲ, ಏಕೆಂದರೆ ಭಾರದ ತೋಪುಗಳೂ ದವಸವೂ ಕಂಚಿಯಲ್ಲಿದ್ದವು. ಅವನ ಮೇಲೆ ಕಣ್ಣಿಟ್ಟಿದ್ದ ಹೈದರ್ ರಾತ್ರೋರಾತ್ರಿ ಜಾರಿ ಮಗನನ್ನು ಕೂಡಿಕೊಂಡ. ಬೆಳಗಾದಾಗ ಬೈಲಿ ನಾಲ್ಕೂ ಕಡೆಯಿಂದ ಸುತ್ತುವರಿದಿದ್ದ. ರಾಕೆಟ್‌ನಿಂದಲೋ ತೋಪಿನ ಗುಂಡಿನಿಂದಲೋ ಮದ್ದಿನ ಬಂಡಿಗಳು ಸಿಡಿದವು, ಚೌಕ ಒಡೆಯಿತು. ಫ್ಲೆಚರ್ ಸತ್ತ, ಬೈಲಿ ಸೆರೆಸಿಕ್ಕಿದ. ಆಮೇಲೆ ಮನ್ರೋ ಭಾರದ ತೋಪುಗಳನ್ನು ಕಂಚಿಯ ಕಲ್ಯಾಣಿಗೆ ಉರುಳಿಸಿ ಮದ್ರಾಸಿನತ್ತ ಹಿಂದೆ ಸರಿದ.

ಇಂಥ ಕಾಳಗವನ್ನು ಆಡಿಸುವುದು ಹೇಗೆ? ಬೈಲಿಯಾಗಿ ಕೂತವನು ನಾಲ್ಕು ಗಂಟೆ ಸಾಯುತ್ತಲೇ ಇರಬೇಕೇ? ಮೂರು ಸಲ ಲೆಕ್ಕ ಹಾಕಿ ಹರಿದೆ. ಆಗ ನೆನಪಾದದ್ದು ನಿಮ್ಮ ತಾಳಮದ್ದಲೆ. ಕರ್ಣನ ಅರ್ಥ ಹೇಳಲು ಕೂತಾಗ ಕರ್ಣ ಸಾಯುತ್ತಾನೆಂದು ನಿಮಗೂ ಗೊತ್ತು, ಎದುರಿನ ಕೃಷ್ಣನಿಗೂ ಗೊತ್ತು, ಚಾಪೆಯ ಮೇಲೆ ಕೂತ ಮುದುಕಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಕರ್ಣ ಆ ಕ್ಷಣದಲ್ಲಿ ಏನನ್ನು ಬಲ್ಲ, ಏನನ್ನು ಅರಿಯ, ಯಾವ ಕಾರಣಕ್ಕೆ ರಥ ಬಿಟ್ಟು ಇಳಿದ ಎಂಬುದನ್ನು ನೀವು ಅವನೊಳಗೆ ನಿಂತು ಹೇಳುತ್ತೀರಿ. ಭಾಗವತರು ಪದ ಹೇಳಿ ಬಿಟ್ಟುಕೊಡುತ್ತಾರೆ, ಅರ್ಥಕ್ಕೆ ಕೈ ಹಾಕುವುದಿಲ್ಲ. ಹಾಗಾದರೆ ನಾನೂ ಭಾಗವತಿಕೆ ಮಾಡಿದರಾಯಿತು ಎಂದುಕೊಂಡೆ. ಅಂದು ಅವರಿಗೆ ಕಾಣದೆ ಇದ್ದದ್ದು ಇಂದು ಆಡುವವರಿಗೂ ಕಾಣಬಾರದು.

ಮನ್ರೋನ ಪಾತ್ರದವರನ್ನು ಮೇಜಿನಿಂದ ಎಬ್ಬಿಸಿ ಹೊರಗಿನ ಪಡಸಾಲೆಯಲ್ಲಿ ಕೂರಿಸಿದೆ. ಇದು ನನ್ನ ಹೊಸ ಯೋಚನೆಯಲ್ಲ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ತಮ್ಮವರ ತರಬೇತಿಗೆ ರೂಪಿಸಿದ ಯುದ್ಧದಾಟದಲ್ಲಿಯೂ ಎರಡೂ ಕಡೆಯನ್ನು ಪೂರ್ತಿ ಕಾಣುತ್ತಿದ್ದವನು ನಿರ್ಣಾಯಕ ಒಬ್ಬನೇ. ಎಂಟು ಸರದಿಯ ಆಟ. ಪ್ರತಿ ಸರದಿಗೆ ಮನ್ರೋಗೆ ಒಂದು ಚೀಟಿ: "ಉತ್ತರದಲ್ಲಿ ತೋಪಿನ ಸದ್ದು." "ಸದ್ದು ಜೋರಾಗಿದೆ." ಅವರು ಹೊರಡಬಹುದು ಅಥವಾ ಕಂಚಿಯನ್ನು ಕಾಯಬಹುದು. ಹೊರಟರೆ ನಾಲ್ಕು ಸರದಿಯ ಬಳಿಕ ಮೇಜಿನ ದಕ್ಷಿಣದ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಮನ್ರೋ ಹೊರಟಿದ್ದಾನೋ ಇಲ್ಲವೋ ಎಂಬುದು ಹೈದರನಿಗೆ ತಿಳಿಯದು, ಬೈಲಿಗೂ ತಿಳಿಯದು. ಚೌಕ ಒಡೆಯದೆ ಕೊನೆಯ ಸರದಿ ಮುಟ್ಟಿದರೆ ಬೈಲಿಗೆ ಗೆಲುವು.

ಶುಕ್ರವಾರ ಆಟ ಕೆಟ್ಟಿತು. ರಾಕೆಟ್ ಎತ್ತ ಹೋಗುತ್ತದೆಂದು ದಾಳ ಹಾಕಿ ನೋಡುವ ನಿಯಮ ಎಲ್ಲರಿಗೂ ಹಿಡಿಸಿ ಮೇಜಿನ ಸುತ್ತ ಗದ್ದಲವೋ ಗದ್ದಲ. ಅದರಲ್ಲಿ ಮುಳುಗಿ ನಾನು ಮನ್ರೋಗೆ ಚೀಟಿ ಕಳಿಸುವುದನ್ನೇ ತಡಮಾಡಿದೆ. ಗಂಟೆಗಟ್ಟಲೆ ಒಬ್ಬರೇ ಕುಳಿತವರು ಕೊನೆಗೆ ಬಂದು ಸೌಜನ್ಯದಿಂದಲೇ ಕೇಳಿದರು: "ನಾನು ಇನ್ನೂ ಆಟದಲ್ಲಿದ್ದೇನೆಯೇ?" ಆ ಮಾತು ನನ್ನನ್ನು ಚುಚ್ಚಿತು. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗಾಯಿತು. ರಾತ್ರಿ ಹೋಟೆಲಿನಲ್ಲಿ ಕುಳಿತು ಚೀಟಿಗಳನ್ನೆಲ್ಲ ಮೊದಲೇ ಬರೆದಿಟ್ಟೆ. ಅವನ್ನು ಒಯ್ಯುವ ಕೆಲಸಕ್ಕೆ ಇವರನ್ನು ನಿಲ್ಲಿಸಿದೆ. ಮನ್ರೋಗೂ ಒಂದು ನಕ್ಷೆ, ಕಂಚಿಯ ದವಸದ ಲೆಕ್ಕ, ಹೈದರನ ಸವಾರರು ಕಂಡ ಸುದ್ದಿ ಎಲ್ಲ ಸೇರಿಸಿದೆ. ಅವರೂ ಪ್ರತಿ ಸರದಿ ಒಂದು ಆಜ್ಞೆ ಬರೆದು ಕಳಿಸಬೇಕು.

ಶನಿವಾರ ಮನ್ರೋ ಆಗಿ ಕೂತವರು ನಿವೃತ್ತ ಶಾಲಾ ಶಿಕ್ಷಕರು. ಮೊದಲ ಮೂರು ಆಜ್ಞೆಗಳೂ ಒಂದೇ: ತೋಪುಗಳನ್ನು ಬಿಟ್ಟು ಹೊರಡಲಾರೆ. ನಾಲ್ಕನೆಯ ಸರದಿಗೆ ಹೊರಟರು. ಇತ್ತ ಮೇಜಿನ ಮೇಲೆ ಬೈಲಿ ಎಷ್ಟು ಚೆನ್ನಾಗಿ ಆಡಿದರೆಂದರೆ, ಮೈಸೂರು ಕಡೆಯವರೇ ಮೆಚ್ಚಿ ತಲೆದೂಗಿದರು. ಸಿಪಾಯಿಗಳ ಸಾಲು ಎರಡು ಸಲ ಸವಾರರನ್ನು ಹಿಂದಕ್ಕೆ ತಳ್ಳಿತು. ರಾಕೆಟ್ ಪಡೆ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕೈಯಲ್ಲಿತ್ತು, ಅಜ್ಜನ ಜೊತೆ ಬಂದಿದ್ದಳು. ಆರನೆಯ ಸರದಿಯಲ್ಲಿ ಅವಳ ರಾಕೆಟ್ ಚೌಕದ ನಡುವೆ ಬಿತ್ತು. ಎರಡು ದಾಳದಲ್ಲಿ ಹನ್ನೊಂದೋ ಹನ್ನೆರಡೋ ಬಿದ್ದರೆ ಮದ್ದಿನ ಬಂಡಿ ಸಿಡಿಯುತ್ತದೆ. ಹನ್ನೆರಡು ಬಿತ್ತು.

ಎಲ್ಲರೂ ಕೂಗಿದರು, ಅವಳೂ ಕುಣಿದಳು. ನಾನು ಬಂಡಿಯನ್ನೂ ಅದರ ಪಕ್ಕದ ಎತ್ತು, ಬಂಡಿಯವರ ಗೊಂಬೆಗಳನ್ನೂ ಎತ್ತಿ ಪೆಟ್ಟಿಗೆಗೆ ಹಾಕಲು ಹೋದಾಗ ಅವಳು ಸುಮ್ಮನಾಗಿ ಕೇಳಿದಳು: "ಇವರು ಯಾರು? ಇವರ ಬಳಿ ಬಂದೂಕೇ ಇಲ್ಲವಲ್ಲ." ಬಂಡಿ ಹೊಡೆಯುವವರು, ಕೂಲಿಗೆ ಬಂದವರು ಎಂದೆ. ಬೈಲಿಗೆ ಶ್ರೀರಂಗಪಟ್ಟಣದಲ್ಲಿ ಸ್ಮಾರಕವಿದೆ. ಅವನು 1782ರಲ್ಲಿ ಸೆರೆಯಲ್ಲಿಯೇ ಸತ್ತ. ಈ ಬಂಡಿಯವರ ಹೆಸರು ಮಾತ್ರ ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಲ್ಲ ಎಂದೂ ಹೇಳಿದೆ. "ಹಾಗಾದರೆ ಇವರನ್ನು ಎತ್ತಬೇಡಿ, ಮಲಗಿಸಿ ಅಲ್ಲಿಯೇ ಬಿಡಿ" ಎಂದಳು. ಮಲಗಿಸಿದೆ. ಆಟ ಮುಗಿಯುವವರೆಗೆ ಅವರು ಅಲ್ಲಿಯೇ ಇದ್ದರು. ಯಾರೂ ಅವರ ಮೇಲೆ ಅಳತೆಪಟ್ಟಿ ಇಡಲಿಲ್ಲ.

ಏಳನೆಯ ಸರದಿಯಲ್ಲಿ ಮನ್ರೋಗೆ ಹೋದ ಚೀಟಿ: "ಉತ್ತರದಲ್ಲಿ ಕಪ್ಪು ಹೊಗೆಯ ದೊಡ್ಡ ಮೋಡ ಎದ್ದಿತು. ಆಮೇಲೆ ಸದ್ದು ಕಡಿಮೆಯಾಗಿದೆ." ಅವರ ಉತ್ತರ ನನ್ನ ಬಳಿ ಇದೆ, ಕಾಪಿಟ್ಟಿದ್ದೇನೆ. "ಬೈಲಿ ಗೆದ್ದಿರಬೇಕು. ಪಡೆಗೆ ಒಂದು ಸರದಿ ವಿಶ್ರಾಂತಿ." ಆ ಒಂದು ಸರದಿಯಲ್ಲಿ ಚೌಕ ಒಡೆಯಿತು.

ಒಳಗೆ ಕರೆದೆ. ಅವರು ಮೇಜಿನ ದಕ್ಷಿಣದ ಅಂಚಿಗೆ ಬಂದು ನಿಂತರು. ಎರಡು ಗೇಣಗಲದ ಜಾಗದಲ್ಲಿ ಉಳಿದ ಕೆಂಪಂಗಿಗಳು, ಸುತ್ತ ಮೈಸೂರಿನ ಪಡೆ, ನಡುವೆ ಮಲಗಿಸಿದ ಬಂಡಿಯವರು. ತುಸು ಹೊತ್ತು ಮಾತೇ ಇಲ್ಲ. ಆಮೇಲೆ, "ಇಷ್ಟು ಹತ್ತಿರದಲ್ಲಿದ್ದೆನೇ?" ಎಂದರು. ಬೈಲಿಯಾಗಿದ್ದವರು ಎದ್ದು ಬಂದು ಅವರ ಭುಜದ ಮೇಲೆ ಕೈ ಇಟ್ಟರು. ಪುಸ್ತಕಗಳು ಮನ್ರೋನನ್ನು ಬೈಯುತ್ತವೆ, ನಾನೂ ಬೈದಿದ್ದೇನೆ. ಅಂದು ನನಗೆ ಅವನನ್ನು ಬೈಯಲಾಗಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕುಳಿತವರಿಗೆ ಹೊಗೆ ಗೆಲುವಿನಂತೆ ಕಂಡಿತ್ತು.

ಅಪ್ಪಯ್ಯ, ಸರಿಯೇ ಎಂದು ಕೇಳಿದ್ದಿರಿ. ಸಂಖ್ಯೆ ಎಣಿಸಿ ಗೆದ್ದೆ ಎನ್ನುವುದಕ್ಕಷ್ಟೇ ಆಡಿಸಿದರೆ ಸರಿಯಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ಭಾರತದ ನಕ್ಷೆಯಲ್ಲಿ ಕಂಚಿ ಎಲ್ಲಿದೆಯೆಂದು ಅರಿಯದ ಆರು ಜನ ಆ ಬೆಳಗ್ಗೆ ಹೈದರನ ಕಾರಣವನ್ನೂ ಬೈಲಿಯ ಕಾರಣವನ್ನೂ ತಮ್ಮದಾಗಿಸಿಕೊಂಡು ವಾದಿಸಿದರು. ಅದನ್ನು ನಾನು ಮತ್ತೆ ಮಾಡುತ್ತೇನೆ. ಬಂಡಿಯವರನ್ನು ಇನ್ನು ಮುಂದೆ ಪೆಟ್ಟಿಗೆಗೆ ಹಾಕುವುದಿಲ್ಲ.

ಇನ್ನೊಂದು ಸಂಗತಿ ಹೇಳದಿದ್ದರೆ ನಿದ್ದೆ ಬಾರದು. ಆ ಹುಡುಗಿಯ ಅಜ್ಜ ಹಡಗುಗಳ ಕಾಳಗ ಆಡಿಸುವವರು. ಆಟ ಮುಗಿದ ಮೇಲೆ ನನ್ನನ್ನು ಕರೆದು ಕೇಳಿದರು, ಪೆನ್ಸಿಲ್ವೇನಿಯಾ ರಾಜ್ಯ ತನ್ನ ಹಡಗೊಂದಕ್ಕೆ ನಿಮ್ಮ ದೊರೆಯ ಹೆಸರಿಟ್ಟಿತ್ತು, ಗೊತ್ತೇ ಎಂದು. ನಿಜ ಅಪ್ಪಯ್ಯ, 'ಹೈದರ್ ಆಲಿ' ಎಂಬುದೇ ಹಡಗಿನ ಹೆಸರು. ಬ್ರಿಟಿಷರೊಂದಿಗೆ ಇವರ ಸ್ವಾತಂತ್ರ್ಯ ಯುದ್ಧವೂ ಆಗಲೇ ನಡೆಯುತ್ತಿತ್ತಲ್ಲ! 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ಕೈಕೆಳಗೆ ಅದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ಕೊಲ್ಲಿಗೆ ಹರಿಯುವ ಹೊಳೆ ನಮ್ಮ ಊರಿನದೇ. ಎಂಟು ವರ್ಷ ಅದರ ದಂಡೆಯಲ್ಲಿ ನಡೆದಾಡಿದ್ದೇನೆ, ತಿಳಿದಿರಲಿಲ್ಲ.

ಈಗ ನನ್ನ ಕೋರಿಕೆ. ಮುಂದಿನ ವರ್ಷವೂ ಶನಿವಾರ ಬೆಳಗ್ಗೆ ಒಂಬತ್ತಕ್ಕೇ ಮೇಜು ಕೇಳುತ್ತೇನೆ. ನಿಮಗೆ ಆಗ ಸಂಜೆ ಆರೂವರೆ. ಮನ್ರೋಗೆ ಮೇಜು ಕಾಣುವ ಅಗತ್ಯವಿಲ್ಲ, ಪಡಸಾಲೆಯೂ ಬೇಡ, ಫೋನು ಸಾಕು. ಇವರು ಚೀಟಿ ಓದಿ ಹೇಳುತ್ತಾರೆ, ನೀವು ಜಗಲಿಯಲ್ಲಿ ಕುಳಿತು ಆಜ್ಞೆ ಕೊಡಿ. ಕಂಚಿಯ ನಕ್ಷೆಯನ್ನೂ ದವಸದ ಲೆಕ್ಕವನ್ನೂ ಇದರ ಜೊತೆಗೇ ಇಟ್ಟಿದ್ದೇನೆ. ಪೊಲ್ಲಿಲೂರಿನ ನಕ್ಷೆಯನ್ನು ಮಾತ್ರ ಕಳಿಸುವುದಿಲ್ಲ. ಒಪ್ಪಿಗೆಯೇ ಎಂದು ತಮ್ಮನ ಕೈಲಿ ಹೇಳಿ ಕಳಿಸಿ.

ಇಂತಿ ನಿಮ್ಮ ಮಗಳು