ನಿಮ್ಮ ಚಿನ್ನಿ ಇಲಿ ಹಿಡಿಯುವುದನ್ನು ಬಿಡುವುದಿಲ್ಲ, ದೋಸ್ತ

ಕಲಬುರಗಿ

ಪ್ರೀತಿಯ ದೋಸ್ತ,

ನಿಮ್ಮ ಹೆಣ್ಣು ಬೆಕ್ಕಿನ ಮರಿ ಚಿನ್ನಿಗೆ ಮುಂದೆ ಮರಿಯಾಗದ ಹಾಗೆ ಮಾಡಿಸಿದ ಆಪರೇಷನ್ ಚೆನ್ನಾಗಿ ಆಯಿತೆಂದು ಕೇಳಿ ಸಮಾಧಾನವಾಯಿತು. ಆದರೆ ಅವ್ವನ ಮಾತು ನನ್ನ ತಲೆಯಲ್ಲೇ ಉಳಿದಿದೆ. "ಇನ್ನ ಇದು ಇಲಿ ಹಿಡಿಯಂಗಿಲ್ಲ, ತಿಂದು ಮಲಗತದ" ಅಂದರಂತೆ. ಯಾದಗಿರಿಯಲ್ಲಿ ಪಡಸಾಲೆ ತುಂಬ ತೊಗರಿ ಚೀಲ ಇಟ್ಟುಕೊಂಡವರಿಗೆ ಇದು ಸಣ್ಣ ಚಿಂತೆಯಲ್ಲ. ಫೋನಿನಲ್ಲಿ ಎಲ್ಲ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನಿಗೆ ಮೊದಲು ಇದನ್ನು ಓದಿ ಹೇಳು. ಆಪರೇಷನ್‌ನಿಂದ ನಿಲ್ಲುವುದು ಬೆದೆಗೆ ಬರುವುದು, ರಾತ್ರಿಯಿಡೀ ಕೂಗುವುದು, ಗಂಡು ಹುಡುಕಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಹಾರುವುದು. ಅಲುಗಾಡಿದ್ದರ ಮೇಲೆ ಎರಗುವುದು ಬೆಕ್ಕಿನ ಹುಟ್ಟುಗುಣ, ಅದಕ್ಕೂ ಗರ್ಭಕೋಶಕ್ಕೂ ಸಂಬಂಧವಿಲ್ಲ. ನಮ್ಮ ಮನೆಯ ಮುದಿ ಬೆಕ್ಕಿಗೆ ಅದು ಇನ್ನೂ ಮರಿಯಾಗಿದ್ದಾಗಲೇ ಆಪರೇಷನ್ ಮಾಡಿಸಿದ್ದೆವು. ಇವತ್ತಿಗೂ ಹಿತ್ತಲಿನ ಹಲ್ಲಿಯನ್ನು ಅದು ಬಿಡುವುದಿಲ್ಲ. ಇನ್ನು ಚಿನ್ನಿಯ ಕುಣಿತ ಕಡಿಮೆಯಾಗುವುದು ನಿಧಾನವಾಗಿ, ಒಂದೆರಡು ವರ್ಷ ತುಂಬುವಾಗ. ಅದು ವಯಸ್ಸಿನಿಂದ ಬರುವ ಬದಲಾವಣೆ, ಎಲ್ಲ ಬೆಕ್ಕಿಗೂ ಬರುತ್ತದೆ.

ಮೊದಲ ರಾತ್ರಿ ಅದು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು, ಕಣ್ಣು ಮಾತ್ರ ತೆರೆದಿತ್ತು ಎಂದೆಯಲ್ಲ, ಅದು ಮತ್ತಿನ ಔಷಧದ ಕೆಲಸ. ಕೆಟಮಿನ್ ಕೊಟ್ಟಾಗ ಬೆಕ್ಕಿನ ಕಣ್ಣು ಮುಚ್ಚುವುದಿಲ್ಲ. ಏಳುವಾಗ ತೂರಾಡುತ್ತದೆ, ಮುಟ್ಟಿದರೆ ಗುರ್ ಎನ್ನಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಮರಿಯ ಮೈ ಬೇಗ ತಣ್ಣಗಾಗುತ್ತದೆ. ಹೊರಗೆ 42 ಡಿಗ್ರಿ ಬಿಸಿಲಿದೆ ಅಂತ ನಾವು ಶಹಾಬಾದ್ ಕಲ್ಲಿನ ಮೇಲೆ, ಕೂಲರ್ ಎದುರು ಮಲಗಿಸುತ್ತೇವೆ. ಅದು ಬೇಡ. ವೈನಿ ಕೌದಿ ಹಾಸಿ ಮೂಲೆಯಲ್ಲಿ ಮಲಗಿಸಿದ್ದು ಬಹಳ ಒಳ್ಳೆಯದಾಯಿತು.

ಮರುದಿನವೇ ಅಲಮಾರಿ ಹತ್ತಿತು ಅಂತ ನೀನು ಖುಷಿಪಟ್ಟೆ. ನನಗೆ ಅಂಜಿಕೆಯಾದದ್ದು ಅಲ್ಲೇ. ಮರಿಗೆ ನೋವು ಸ್ವಲ್ಪ ತಗ್ಗಿದರೆ ಸಾಕು, ಹೊಟ್ಟೆಯಲ್ಲಿ ಹೊಲಿಗೆ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಗಂಡಿಗೆ ಗಾಯ ಚಿಕ್ಕದು, ಬೇಗ ಮಾಯುತ್ತದೆ. ಹೆಣ್ಣಿಗೆ ಹೊಟ್ಟೆಯನ್ನೇ ಕೊಯ್ದಿರುತ್ತಾರೆ. ಮೇಲಿನ ಚರ್ಮ ಕೂಡಿಕೊಳ್ಳಲು 10ರಿಂದ 14 ದಿನ ಬೇಕು. ಅಲ್ಲಿಯವರೆಗೆ ಹಾರಲು ಬಿಡಬೇಡ. ಚೀಲಗಳ ಕೋಣೆಗೆ ಬಾಗಿಲು ಹಾಕು. ಹತ್ತಲು ಏನೂ ಇಲ್ಲದ ಸಣ್ಣ ಕೋಣೆಯಲ್ಲಿ ಇಡು. ಆಟ ಪೂರ್ತಿ ನಿಲ್ಲಿಸಿದರೆ ಕೂಗಿ ಕೂಗಿ ಮನೆ ಎತ್ತುತ್ತದೆ. ಅದಕ್ಕೆ ದಾರವನ್ನು ನೆಲದ ಮೇಲೇ ಮೆಲ್ಲಗೆ ಎಳೆದು ಆಡಿಸು, ಮೇಲಕ್ಕೆ ಎತ್ತಬೇಡ. ಆಟ ಮುಗಿದ ಮೇಲೆ ದಾರ ಎತ್ತಿಡು, ನುಂಗಿಬಿಡುತ್ತವೆ. ಬೆಳಗಿನ ಜಾವ ಮತ್ತು ಸಂಜೆ ಅದರ ಓಟ ಜಾಸ್ತಿ, ಆ ಹೊತ್ತಿಗೆ ಯಾರಾದರೂ ಜೊತೆಗಿರಿ. ಕೊರಳಿನ ಪ್ಲಾಸ್ಟಿಕ್ ಕಾಲರ್ ನೋಡಿ ಅವ್ವನಿಗೆ ಕನಿಕರ ಬಂದರೂ ತೆಗೆಯಬೇಡಿ. ಒಂದು ರಾತ್ರಿ ನೆಕ್ಕಿದರೆ ಹೊಲಿಗೆ ಬಿಚ್ಚಿಹೋಗಬಹುದು.

ಒಂದು ದಿನ ಕಳೆದ ಮೇಲೂ ತಿನ್ನದಿದ್ದರೆ, ಮೂಲೆ ಹಿಡಿದು ಕೂತರೆ, ಗಾಯ ಊದಿದರೆ ಅಥವಾ ಸೋರಿದರೆ, ಮತ್ತೆ ಮತ್ತೆ ವಾಂತಿಯಾದರೆ ಕಾಯಬೇಡ, ದವಾಖಾನೆಗೆ ಒಯ್ಯಿ. ನೋವಿಗೆ ಮನೆಯಲ್ಲಿರುವ ಗುಳಿಗೆ ಮಾತ್ರ ಕೊಡಲೇಬೇಡ. ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು.

ಚಿನ್ನಿಯ ಅಣ್ಣ ಮರಿ ಅದನ್ನು ನೋಡಿ ಬುಸ್ ಅನ್ನುತ್ತಿದೆ ಎಂದೆಯಲ್ಲ. ತಂಗಿಯ ಮೈಯಲ್ಲಿ ಔಷಧದ ವಾಸನೆ ಇದೆ, ಅದಕ್ಕೆ ಗುರುತು ಸಿಗುತ್ತಿಲ್ಲ ಅಷ್ಟೇ. ಬೇರೆ ಬೇರೆ ಇಟ್ಟು, ಒಂದರ ಹಾಸಿಗೆ ಬಟ್ಟೆಯನ್ನು ಇನ್ನೊಂದಕ್ಕೆ ಹಾಸು. ಅವನಿಗೂ ಐದು ತಿಂಗಳು ತುಂಬುವ ಮುಂಚೆ ಮಾಡಿಸಿಬಿಡು. ಮೂಲೆಮೂಲೆಗೆ ಉಚ್ಚೆ ಸಿಂಪಡಿಸುವ ಚಟ ಶುರುವಾದ ಮೇಲೆ ಬಿಡಿಸುವುದು ಕಷ್ಟ. ಆಮೇಲೂ ಕೆಲವು ವಾರ ಅವನನ್ನು ಓಣಿಯ ಹೆಣ್ಣುಬೆಕ್ಕುಗಳ ಹತ್ತಿರ ಬಿಡಬೇಡ. ಆಪರೇಷನ್ ಆದ ಕೂಡಲೇ ಅವನ ಬೀಜದ ಶಕ್ತಿ ಪೂರ್ತಿ ಹೋಗಿರುವುದಿಲ್ಲ.

ಅವ್ವನ ಮಾತಿನಲ್ಲಿ ಅರ್ಧ ಮಾತ್ರ ನಿಜ. ಬೆಕ್ಕು ಮಂಕಾಗುವುದಿಲ್ಲ, ದಪ್ಪ ಆಗಬಹುದು. ಆಪರೇಷನ್ ಆದ ಮೇಲೆ ಹಸಿವು ಹೆಚ್ಚುತ್ತದೆ, ಮೈಗೆ ಬೇಕಾಗುವ ಆಹಾರ ಮಾತ್ರ ಸುಮಾರು ಕಾಲುಭಾಗ ಇಳಿಯುತ್ತದೆ. ಕೇಳಿದಾಗಲೆಲ್ಲ ಹಾಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಹೊಟ್ಟೆ ಜೋಲುತ್ತದೆ. ಆಗ ನಿಜವಾಗಿಯೂ ಇಲಿ ಹಿಂದೆ ಓಡುವುದಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ ಕಡಿಮೆ ಮಾಡು. ಬೆಕ್ಕಿಗೆ ಮಾಂಸವೇ ಆಹಾರ, ರೊಟ್ಟಿಯಿಂದ ಬರೀ ಹೊಟ್ಟೆ ತುಂಬುತ್ತದೆ. ಚಿನ್ನಿ ಇನ್ನೂ ಬೆಳೆಯುವ ಮರಿ, ಉಪವಾಸ ಕೆಡವಬೇಡ. ಅಳತೆ ಮಾಡಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕು. ಪಕ್ಕೆ ಸವರಿದಾಗ ಎಲುಬು ಕೈಗೆ ತಾಗಬೇಕು, ಕಣ್ಣಿಗೆ ಕಾಣಬಾರದು.

ಹೊಲಿಗೆ ತೋರಿಸಲು ಹೋದಾಗ ತೂಕ ಹಾಕಿಸಿ ಬರೆದಿಟ್ಟುಕೋ. ಗಾಯದ ಫೋಟೊ ನನಗೂ ಕಳಿಸು.

ನಿನ್ನ,
ಕಲಬುರಗಿಯ ದೋಸ್ತ