ಬೆಣ್ಣೆಯ ಊರಿನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ವೀಸಾ ಬಂತು ಎಂದು ಅಪ್ಪ ಫೋನ್ ಮಾಡಿದಾಗ ನಾನು ಬಸ್ಸಿನಲ್ಲಿದ್ದೆ. ತಡೆಯಲಾಗದೆ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನು ಎತ್ತ ಎಂದು ಕೇಳಲಿಲ್ಲ. ಒಂದು ಟಿಶ್ಯೂ ಕೊಟ್ಟು, "ಯೂ ಆರ್ ಗ್ರ್ಯಾಂಡ್" ಎಂದರು.

ಐರ್ಲೆಂಡಿಗೆ ಬರುವವರು ಮೊದಲು ಕಲಿಯಬೇಕಾದ ಪದ ಇದು. ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಮದುವೆ, ಜರಿ ಸೀರೆ, ಮೂರು ಬಗೆ ಸಿಹಿ. ಇಲ್ಲಿ ಗ್ರ್ಯಾಂಡ್ ಅಂದರೆ ಪರವಾಗಿಲ್ಲ, ಸರಿ ಬಿಡು, ಸಾಕು. ಚಹಾ ಬೇಕಾ ಎಂದು ಕೇಳಿದಾಗ "ಐಯಾಮ್ ಗ್ರ್ಯಾಂಡ್" ಎಂದರೆ ಬೇಡ ಎಂದು ಅರ್ಥ. ಮೊದಲ ತಿಂಗಳು ನಾನು ಅದನ್ನು ಬೇಕು ಎಂದುಕೊಂಡು ಎಷ್ಟೋ ಜನಕ್ಕೆ ಚಹಾ ಮಾಡಿಕೊಟ್ಟಿದ್ದೇನೆ. ಒಬ್ಬರೂ ವಾಪಸ್ ಕೊಡಲಿಲ್ಲ. ಆಮೇಲೆ ಗೊತ್ತಾಯಿತು, ಇವರೂ ನಮ್ಮ ಹಾಗೆಯೇ, ಎರಡು ಸಲ ಬೇಡ ಬೇಡ ಎಂದು ಮೂರನೇ ಸಲಕ್ಕೆ ಲೋಟ ಹಿಡಿಯುವವರು.

ಮೊನ್ನೆ ನೀನು ಕೇಳಿದೆಯಲ್ಲ, "ಐರ್ಲೆಂಡ್ ಅಂದ್ರೆ ಇಂಗ್ಲೆಂಡ್ ಥರಾನೇನಾ ಅಮ್ಮ?" ಅಂತ. ಈ ಪ್ರಶ್ನೆಯನ್ನು ಇಲ್ಲಿ ಯಾರ ಮುಂದೆಯೂ ಕೇಳಬೇಡ. ಯಾಕೆ ಎಂದು ಫೋನಿನಲ್ಲಿ ಹೇಳುವುದು ಕಷ್ಟ, ಅದಕ್ಕೇ ಈ ಪತ್ರ.

ಬೆಣ್ಣೆಯಿಂದ ಶುರು ಮಾಡುತ್ತೇನೆ. ದಾವಣಗೆರೆಯವರಾದ ನಾವು ಬೆಣ್ಣೆ ಎಂದರೆ ನಮ್ಮದೇ ಎಂದುಕೊಂಡಿದ್ದೆವು. ನಾನಿರುವ ಈ ಕಾರ್ಕ್ ಊರು ಒಂದು ಕಾಲಕ್ಕೆ ಇಡೀ ಪ್ರಪಂಚದಲ್ಲೇ ದೊಡ್ಡ ಬೆಣ್ಣೆ ಪೇಟೆ. ಸುತ್ತಲಿನ ಹಳ್ಳಿಗಳಿಂದ ಮರದ ಪೀಪಾಯಿಗಳಲ್ಲಿ ಉಪ್ಪು ಬೆರೆಸಿದ ಬೆಣ್ಣೆ ಬರುತ್ತಿತ್ತು, ತೂಕ ಹಾಕಿ, ರುಚಿ ನೋಡಿ, ದರ್ಜೆ ಗುರುತು ಹಾಕಿ ಹಡಗಿಗೆ ಏರಿಸುತ್ತಿದ್ದರು. ಈಗ ಆ ಜಾಗದಲ್ಲಿ ಬೆಣ್ಣೆಯದೇ ಒಂದು ಮ್ಯೂಸಿಯಂ ಇದೆ. ಹಸುಗಳು ವರ್ಷದಲ್ಲಿ ಬಹುಪಾಲು ಹೊರಗೆ ಹುಲ್ಲು ಮೇಯುವುದರಿಂದ ಬೆಣ್ಣೆ ಅರಿಶಿನದ ಬಣ್ಣ. ನಾನು ಅದನ್ನೇ ಕಾಯಿಸಿ ತುಪ್ಪ ಮಾಡುತ್ತೇನೆ. ಮೊದಲ ಸಲ ಉಪ್ಪಿನ ಬೆಣ್ಣೆ ತಂದು ಕಾಯಿಸಿ ಪೂರ್ತಿ ಹಾಳು ಮಾಡಿದ್ದೆ, ಅದನ್ನು ಅಜ್ಜಿಗೆ ಹೇಳಿಲ್ಲ.

ಇಷ್ಟು ಬೆಣ್ಣೆ ಇದ್ದ ನಾಡಿನಲ್ಲಿ ಜನ ಹಸಿದು ಸತ್ತರು. 1845ರಲ್ಲಿ ಆಲೂಗಡ್ಡೆ ಗಿಡಕ್ಕೆ ರೋಗ ಬಂತು. ಹಾಸನದ ಕಡೆ ಅಂಗಮಾರಿ ಎನ್ನುತ್ತಾರಲ್ಲ, ಅದೇ. ರಾತ್ರಿ ಹಸಿರಾಗಿದ್ದ ಹೊಲ ಬೆಳಗಾಗುವಷ್ಟರಲ್ಲಿ ಕಪ್ಪಾಗಿ ನಾರುತ್ತಿತ್ತಂತೆ. ಭೂಮಿ ಇದ್ದದ್ದು ಜಮೀನುದಾರರ ಕೈಯಲ್ಲಿ, ಅವರಲ್ಲಿ ಹಲವರು ಇಂಗ್ಲೆಂಡಿನಲ್ಲೇ ಕೂತವರು. ಒಕ್ಕಲಿನವರು ಬೆಳೆದ ಓಟ್ಸ್, ಸಾಕಿದ ಹಂದಿ, ಕಡೆದ ಬೆಣ್ಣೆ ಎಲ್ಲ ಗೇಣಿಗೆ ಹೋಗುತ್ತಿತ್ತು. ಹೊಟ್ಟೆಗೆ ಉಳಿಯುತ್ತಿದ್ದದ್ದು ಆಲೂಗಡ್ಡೆ ಮಾತ್ರ. ಸುಮಾರು ಮೂವತ್ತು ಲಕ್ಷ ಜನ ಅದನ್ನೇ ನಂಬಿದ್ದರು. ಅದು ಕೊಳೆಯಿತು. ಹಡಗುಗಳು ಮಾತ್ರ ನಿಲ್ಲಲಿಲ್ಲ. ಧಾನ್ಯ, ದನ, ಬೆಣ್ಣೆ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1852ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಿದ್ದರು. ಕಾರ್ಕ್‌ನ ಪಶ್ಚಿಮಕ್ಕಿರುವ ಸ್ಕಿಬ್ಬರೀನ್‌ನ ಸ್ಮಶಾನದಲ್ಲಿ ಎಂಟರಿಂದ ಹತ್ತು ಸಾವಿರ ಜನರನ್ನು ಹೆಸರಿಲ್ಲದೆ ಒಟ್ಟಿಗೆ ಹೂಳಿದ್ದಾರೆ. ನಾನು ಹೋಗಿ ನೋಡಿದೆ. ಹಸಿರು ಹುಲ್ಲು, ಅಷ್ಟೇ.

1841ರಲ್ಲಿ ಈ ದ್ವೀಪದಲ್ಲಿ 80 ಲಕ್ಷಕ್ಕೂ ಜಾಸ್ತಿ ಜನರಿದ್ದರು. ಉತ್ತರ, ದಕ್ಷಿಣ ಎರಡನ್ನೂ ಕೂಡಿಸಿದರೂ ಇವತ್ತಿಗೂ ಅಷ್ಟು ಜನ ಇಲ್ಲಿಲ್ಲ. ಬೆಟ್ಟದ ಮೇಲೆ ಸೂರಿಲ್ಲದ ಕಲ್ಲಿನ ಮನೆಗಳು ಕಂಡರೆ ಇದು ನೆನಪಿರಲಿ. ನಮ್ಮಲ್ಲೂ 1876ರಿಂದ 78ರ ತನಕ ಧಾತು-ಈಶ್ವರ ಬರ ಬಂತು. ಆಗಲೂ ಇದೇ ಬ್ರಿಟಿಷ್ ಸಾಮ್ರಾಜ್ಯ, ಆಗಲೂ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ನಮ್ಮ ಬರವನ್ನು ನಾವು ಇವರಷ್ಟು ನೆನಪಿಟ್ಟುಕೊಂಡಿಲ್ಲ ಎಂದು ನನಗೆ ಅನಿಸುತ್ತದೆ.

ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಕೋವ್ ಎಂಬ ಬಂದರು. ಬರೆಯುವುದು ಸಿ, ಓ, ಬಿ, ಎಚ್, ಓದುವುದು ಕೋವ್. ಬಿ ಮತ್ತು ಎಚ್ ಕೂಡಿದರೆ ಇಲ್ಲಿ 'ವ'. ಹಾಗಾಗಿ ಶಿವಾನ್ (Siobhán) ಎಂಬ ಹುಡುಗಿ ನಿನ್ನ ಕ್ಲಾಸಿನಲ್ಲಿ ಇದ್ದರೆ ಅವಳು ಶಿವನ ಭಕ್ತೆ ಎಂದುಕೊಳ್ಳಬೇಡ. ಒಂದು ನೂರು ವರ್ಷದಲ್ಲಿ ಈ ಕೋವ್ ಒಂದರಿಂದಲೇ ಸುಮಾರು 25 ಲಕ್ಷ ಜನ ಹಡಗು ಹತ್ತಿ ಹೋದರು. ಟೈಟಾನಿಕ್ ಕೊನೆಯದಾಗಿ ನಿಂತದ್ದೂ ಇಲ್ಲೇ. ಪ್ರವಾಸಿಗಳೆಲ್ಲ ಅದನ್ನೇ ನೋಡುತ್ತಾರೆ. ನಾನು ನಿನಗೆ ತೋರಿಸಬೇಕೆಂದಿರುವುದು ಕಟ್ಟೆಯ ಮೇಲಿರುವ ಆನ್ನಿ ಮೂರ್ ಎಂಬ ಹುಡುಗಿಯ ಪ್ರತಿಮೆ. ಅವಳ ಅಪ್ಪ ಅಮ್ಮ ಮೊದಲೇ ನ್ಯೂಯಾರ್ಕಿಗೆ ಹೋಗಿದ್ದರು. ಮಕ್ಕಳು ಹಿಂದೆ ಉಳಿದಿದ್ದರು. 1891ರ ಡಿಸೆಂಬರ್‌ನಲ್ಲಿ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಅವಳು ಹಡಗು ಹತ್ತಿದಳು. ಹೊಸ ವರ್ಷದ ದಿನ, ಅಮೆರಿಕಕ್ಕೆ ವಲಸೆ ಬಂದವರನ್ನು ಪರೀಕ್ಷಿಸಿ ಒಳಗೆ ಬಿಡುತ್ತಿದ್ದ ಎಲ್ಲಿಸ್ ದ್ವೀಪದ ಬಾಗಿಲು ಮೊದಲ ಸಲ ತೆರೆದಾಗ ಒಳಗೆ ಕಾಲಿಟ್ಟ ಮೊದಲನೆಯವಳು ಅವಳೇ. ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು.

ಅಲ್ಲಿಗೆ ಹೋದಾಗಲೆಲ್ಲ ನಾನು ಅವಳ ಅಮ್ಮನನ್ನು ನೆನೆಯುತ್ತೇನೆ. ಆಕೆಯ ಪ್ರತಿಮೆ ಎಲ್ಲೂ ಇಲ್ಲ.

ನಾನು ಕೆಲಸ ಮಾಡುವ ಕಡೆ ತೊಂಬತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ಬರದಿದ್ದರೆ ಕರೆದು ಕೂರಿಸಿಕೊಳ್ಳುತ್ತಾರೆ. ಅವರ ಸೋದರತ್ತೆ ಬಾಸ್ಟನ್ನಿಗೆ ಹೊರಟ ಹಿಂದಿನ ರಾತ್ರಿ ಮನೆ ತುಂಬ ಜನ, ಪಿಟೀಲು, ಕುಣಿತ. ಬೆಳಗಿನ ಜಾವಕ್ಕೆ ಅಳು. ಅದಕ್ಕೆ ಅಮೆರಿಕನ್ ವೇಕ್ ಎನ್ನುತ್ತಿದ್ದರು. ವೇಕ್ ಎಂದರೆ ಸತ್ತವರನ್ನು ಮನೆಯಲ್ಲಿ ಮಲಗಿಸಿ, ಊರಿನವರೆಲ್ಲ ಬಂದು ರಾತ್ರಿ ಕಾಯುವುದು. ಹೋದವರು ತಿರುಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ, ಬದುಕಿರುವಾಗಲೇ ಅದನ್ನು ಮಾಡಿ ಮುಗಿಸುತ್ತಿದ್ದರು. ಈ ಅಜ್ಜಿಯೂ 1950ರ ದಶಕದಲ್ಲಿ ನರ್ಸ್ ಆಗಲು ಲಂಡನ್ನಿಗೆ ಹೋದವರು. ಆ ಹತ್ತು ವರ್ಷಗಳಲ್ಲಿ ಸುಮಾರು ನಾಲ್ಕು ಲಕ್ಷ ಜನ ದೇಶ ಬಿಟ್ಟಿದ್ದರಂತೆ. "ನನಗೂ ಮಗಳನ್ನು ಬಿಟ್ಟು ಬಂದವರು ಯಾರೋ ದಾರಿ ತೋರಿಸಿದ್ದರು" ಎಂದು ಒಂದು ರಾತ್ರಿ ಹೇಳಿ ನಿದ್ದೆ ಹೋದರು.

ನಾನು ಹೊರಟ ದಿನ ನೀನು ಬಾಗಿಲಿಗೆ ಬರಲಿಲ್ಲ. ಒಳಗೆ ಟಿವಿ ಜೋರು ಮಾಡಿ ಕೂತಿದ್ದೆ. ಸರಿಯಾಗಿಯೇ ಮಾಡಿದೆ ಬಿಡು.

ನಿಜವಾದ ವೇಕ್‌ಗೂ ನಾನು ಹೋಗಿದ್ದೆ. ಇಲ್ಲಿನ ಸ್ಥಳೀಯ ರೇಡಿಯೊಗಳಲ್ಲಿ ದಿನವೂ ತೀರಿಕೊಂಡವರ ಹೆಸರು ಓದುತ್ತಾರೆ, ಅದನ್ನು ಕೇಳಿಸಿಕೊಳ್ಳುವ ಜನ ಹವಾಮಾನ ವರದಿಗಿಂತ ಜಾಸ್ತಿ. ಸತ್ತವರ ಪರಿಚಯ ಇರಲೇಬೇಕು ಅಂತೇನಿಲ್ಲ, ಅವರ ಮಗಳು ನಿನ್ನ ಜೊತೆ ಕೆಲಸ ಮಾಡಿದರೆ ಸಾಕು. ಸಾಲಿನಲ್ಲಿ ನಿಂತು ಮನೆಯವರ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಎನ್ನಬೇಕು, ಆಮೇಲೆ ಚಹಾ, ಸ್ಯಾಂಡ್‌ವಿಚ್. ಸೂತಕದ ಮನೆಯಲ್ಲಿ ತಿನ್ನುವುದಾ ಎಂದು ನಾನು ಹಿಂಜರಿದೆ. ತಟ್ಟೆ ಕೈಗೆ ಬಂದೇ ಬಂತು.

ಇನ್ನು ಭಾಷೆ. ಇಲ್ಲಿನವರ ಮೂಲ ಭಾಷೆ ಐರಿಷ್. ಬಸ್ ಬೋರ್ಡು, ರಸ್ತೆ ಫಲಕ ಎಲ್ಲದರಲ್ಲೂ ಇದೆ, ಸಂವಿಧಾನದ ಪ್ರಕಾರ ಮೊದಲ ಅಧಿಕೃತ ಭಾಷೆಯೂ ಅದೇ. ಆದರೆ 2022ರ ಜನಗಣತಿಯಲ್ಲಿ, ಶಾಲೆಯ ಹೊರಗೆ ದಿನವೂ ಮಾತಾಡುತ್ತೇವೆ ಎಂದವರು ಸುಮಾರು 72 ಸಾವಿರ ಜನ ಮಾತ್ರ. ಒಂದು ಕಾಲಕ್ಕೆ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟಿ, ಐರಿಷ್ ಮಾತು ಬಾಯಿಂದ ಬಂದಾಗಲೆಲ್ಲ ಅದರ ಮೇಲೆ ಒಂದು ಗೀರು ಹಾಕುತ್ತಿದ್ದರು. ಸಂಜೆ ಗೀರು ಎಣಿಸಿ ಹೊಡೆತ. ಎಷ್ಟೋ ಮನೆಗಳಲ್ಲಿ ಗೀರು ಹಾಕಿದ್ದು ಅಪ್ಪ ಅಮ್ಮಂದಿರೇ, ಯಾಕೆಂದರೆ ಅಮೆರಿಕಕ್ಕೆ ಹೋಗುವ ಮಗುವಿಗೆ ಇಂಗ್ಲಿಷ್ ಬೇಕಿತ್ತು. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದದ್ದು ನೆನಪಾಯಿತು.

ಹನ್ನೆರಡು ದಾಟಿ ಹೊರದೇಶದಿಂದ ಬಂದ ಮಕ್ಕಳಿಗೆ ಶಾಲೆಯಲ್ಲಿ ಐರಿಷ್‌ನಿಂದ ವಿನಾಯಿತಿ ಸಿಗುತ್ತದೆ. ಆದರೂ ಕೆಲವು ದಿನ ಕೂತು ನೋಡು. ಇಂಗ್ಲಿಷಿನವರಿಗೆ ಕಷ್ಟವಾಗುವುದು ನಿನಗೆ ಸುಲಭ ಆಗಬಹುದು. "ತಾ ಉಕ್ರಸ್ ಒರಮ್" ಎಂದರೆ 'ಹಸಿವು ನನ್ನ ಮೇಲಿದೆ'. ನಾನು ಹಸಿದಿದ್ದೇನೆ ಎಂದಲ್ಲ, ನನಗೆ ಹಸಿವಾಗಿದೆ ಎನ್ನುವ ಹಾಗೆ. 'ನಾನು ಪುಸ್ತಕ ಹೊಂದಿದ್ದೇನೆ' ಎನ್ನುವುದಿಲ್ಲ, ನನ್ನ ಹತ್ತಿರ ಪುಸ್ತಕ ಇದೆ, ಅಷ್ಟೇ. ಹೌದು, ಇಲ್ಲ ಎಂಬ ಪದಗಳೇ ಆ ಭಾಷೆಯಲ್ಲಿಲ್ಲ. ಬಂದೆಯಾ ಎಂದರೆ ಬಂದೆ, ತಿಂದೆಯಾ ಎಂದರೆ ತಿಂದೆ. ನಾವು ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತೇವಲ್ಲ, ಹಾಗೆ. ಕ್ರಿಯಾಪದ ಮಾತ್ರ ನಮ್ಮದು ಕೊನೆಗೆ, ಅವರದು ಮೊದಲಿಗೆ.

ಸ್ವಾತಂತ್ರ್ಯದ ಕತೆಯನ್ನು ಶಾಲೆಯಲ್ಲಿ ಹೇಗೂ ಓದುತ್ತೀಯ. 1916ರ ಈಸ್ಟರ್ ಸೋಮವಾರ ಡಬ್ಲಿನ್ನಿನ ಅಂಚೆ ಕಚೇರಿ ಹಿಡಿದು ದಂಗೆ ಎದ್ದರು, ವಾರದಲ್ಲಿ ಸೋತರು, ಬ್ರಿಟಿಷರು ನಾಯಕರನ್ನು ಗುಂಡಿಟ್ಟು ಕೊಂದರು. ಕೊಂದ ಮೇಲೆಯೇ ಜನ ಎದ್ದದ್ದು. 1921ರಲ್ಲಿ ಒಪ್ಪಂದ, 26 ಜಿಲ್ಲೆಗಳಿಗೆ ಸ್ವಾತಂತ್ರ್ಯ, ಉತ್ತರದ 6 ಬ್ರಿಟನ್ನಿಗೆ. ಆಮೇಲೆ ತಮ್ಮತಮ್ಮಲ್ಲೇ ಯುದ್ಧ. ಉತ್ತರದಲ್ಲಿ ಮೂವತ್ತು ವರ್ಷ ಬಾಂಬು ಗುಂಡು ನಡೆದು 1998ರಲ್ಲಿ ನಿಂತಿತು. ಈಗ ಆ ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ, ರಸ್ತೆ ಅಂಚಿನ ಗೆರೆಯ ಬಣ್ಣ ಬದಲಾಗುತ್ತದೆ ಅಷ್ಟೇ. ಆದರೂ ನಮಗೆ ವೀಸಾ ಬೇಕು, ಸುಮ್ನೆ ದಾಟಿಬಿಡಬೇಡ.

ಹಾಗಂತ ಐರಿಷರೆಲ್ಲ ನಮ್ಮ ಕಡೆಯವರೇ ಆಗಿದ್ದರು ಎಂದುಕೊಳ್ಳಬೇಡ. ಪಕ್ಕದ ಮಿಡ್ಲ್‌ಟನ್ ಎಂಬ ಊರಿನ ಶಾಲೆಯಲ್ಲಿ ಓದಿದವನು ಜಲಿಯನ್‌ವಾಲಾ ಬಾಗಿನ ಜನರಲ್ ಡಯರ್. ಮರುವರ್ಷ, 1920ರಲ್ಲಿ, ಜಲಂಧರಿನಲ್ಲಿ ಬ್ರಿಟಿಷ್ ಸೈನ್ಯದ ಐರಿಷ್ ತುಕಡಿ ತಮ್ಮ ಊರಿನ ಮೇಲೆ ನಡೆಯುತ್ತಿದ್ದ ದಬ್ಬಾಳಿಕೆ ಕೇಳಿ ಬಂದೂಕು ಕೆಳಗಿಟ್ಟಿತು. ಅದಕ್ಕೆ ಜೇಮ್ಸ್ ಡಾಲಿ ಎಂಬ ಹುಡುಗನನ್ನು ಗುಂಡಿಟ್ಟು ಕೊಂದರು. ಅದೇ ಮಿಡ್ಲ್‌ಟನ್ನಿನ ಪಾರ್ಕಿನಲ್ಲಿ ಒಂಬತ್ತು ಉಕ್ಕಿನ ಗರಿಗಳು ಬಟ್ಟಲಿನ ಹಾಗೆ ನಿಂತಿವೆ. 1847ರಲ್ಲಿ, ತಾವೇ ನೆಲ ಕಳೆದುಕೊಂಡಿದ್ದ ಚಾಕ್ಟಾ ಎಂಬ ಅಮೆರಿಕದ ಮೂಲನಿವಾಸಿಗಳು ಬರಕ್ಕೆ 170 ಡಾಲರ್ ಕೂಡಿಸಿ ಕಳಿಸಿದ್ದರ ನೆನಪಿಗೆ. ಕಲ್ಕತ್ತಾದಿಂದಲೂ ಆಗ ಹಣ ಬಂದಿತ್ತು.

ಇನ್ನೊಂದು ಹೆಸರು ನಿನಗೆ ಗೊತ್ತಿರಬೇಕು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸವಿತಾ ಹಾಲಪ್ಪನವರ್, ನಮ್ಮ ಬೆಳಗಾವಿಯವರು, ದಂತವೈದ್ಯೆ. 2012ರ ಅಕ್ಟೋಬರ್ 28ರಂದು ಇಲ್ಲಿನ ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ 31 ವರ್ಷ. ಹದಿನೇಳು ವಾರದ ಬಸಿರು ಉಳಿಯುವುದಿಲ್ಲ ಎಂದು ಗೊತ್ತಿತ್ತು. ಆದರೂ ಮಗುವಿನ ಎದೆಬಡಿತ ಇರುವ ತನಕ ತೆಗೆಯುವ ಹಾಗಿಲ್ಲ ಎಂದರು. ಕಾನೂನು ಹಾಗಿತ್ತು. ನಂಜೇರಿ ಜೀವ ಹೋಯಿತು. ಜನ ಬೀದಿಗೆ ಬಂದರು. 2018ರ ಮೇ ತಿಂಗಳಲ್ಲಿ ಆ ಕಾನೂನು ಇರಬೇಕೋ ಬೇಡವೋ ಎಂದು ಇಡೀ ದೇಶ ಮತ ಹಾಕಿತು. ಹೊರಗೆ ದುಡಿಯಲು ಹೋಗಿದ್ದ ಮಕ್ಕಳು ಇದೊಂದಕ್ಕೇ ವಿಮಾನ, ಹಡಗು ಹಿಡಿದು ಬಂದರು. 66 ಶೇಕಡಾ ಜನ ಬೇಡ ಎಂದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾ ಅವರ ಚಿತ್ರ ಬರೆದಿದ್ದರು. ಅದರ ಸುತ್ತ ನೂರಾರು ಚೀಟಿ, ಹೆಚ್ಚಿನದರಲ್ಲಿ ಒಂದೇ ಪದ: ಕ್ಷಮಿಸಿ. ಇಲ್ಲಿ ನನ್ನ ಊರು ಯಾವುದೆಂದು ಕೇಳಿ ಕರ್ನಾಟಕ ಎಂದಾಗ, ಒಮ್ಮೊಮ್ಮೆ ಯಾರಾದರೂ ಗೊತ್ತು ಎಂದು ತಲೆ ತಗ್ಗಿಸುತ್ತಾರೆ. ನಮ್ಮ ರಾಜ್ಯದ ಹೆಸರು ಹಾಗೆ ಗೊತ್ತಾಗಬಾರದಿತ್ತು.

ಉಳಿದದ್ದು ಸಣ್ಣಪುಟ್ಟದ್ದು. ಬಸ್ ಬಂದರೆ ಕೈ ಚಾಚು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳದೆ ಇಳಿಯುವ ಮಗು ಇಲ್ಲಿಲ್ಲ. ನೀರು ಕಾಯಿಸುವ ಸ್ವಿಚ್ಚಿಗೆ ಇಮ್ಮರ್ಶನ್ ಎನ್ನುತ್ತಾರೆ, ಅದನ್ನು ಆಫ್ ಮಾಡದೆ ಹೊರಟರೆ ಅಜ್ಜಿ ಗೀಸರ್‌ಗೆ ಬಯ್ಯುವ ಹಾಗೆ ಇಲ್ಲಿನ ಅಮ್ಮಂದಿರೂ ಬಯ್ಯುತ್ತಾರೆ, ಇನ್ನು ಮೇಲೆ ನಾನೂ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕು, ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಎರಡನೆಯದಕ್ಕೆ ಮನಸ್ಸು ಗಟ್ಟಿ ಮಾಡಿಕೊ. ಶಾಲೆಯಲ್ಲಿ ಹುಡುಗಿಯರು ಕಮೋಗಿ ಆಡುತ್ತಾರೆ, ಹಾಕಿಗೂ ಲಗೋರಿಗೂ ಜಗಳ ಆದ ಹಾಗಿರುತ್ತದೆ. ಹುಡುಗರದು ಹರ್ಲಿಂಗ್. ಅದರ ಫೈನಲ್‌ಗೆ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನ ಸೇರುತ್ತಾರೆ, ಆಡುವವರಿಗೆ ಮಾತ್ರ ಸಂಬಳ ಇಲ್ಲ. ಸೋಮವಾರ ಬೆಳಗ್ಗೆ ಅವರೇ ನಿನಗೆ ಗಣಿತ ಪಾಠ ಮಾಡಲು ಬಂದರೂ ಬಂದರು.

ಮನೆ ಚಿಕ್ಕದು. ಬಾಡಿಗೆಗೆ ಮನೆ ಸಿಗುವುದೇ ಕಷ್ಟ, ಎರಡು ವರ್ಷ ತಡವಾದದ್ದು ಅದಕ್ಕೇ. ನಿನ್ನ ಕಿಟಕಿಯಿಂದ ಒಂದು ಗೋಡೆ, ಗೋಡೆಯಾಚೆ ನದಿಯ ಸ್ವಲ್ಪ ಭಾಗ ಕಾಣುತ್ತದೆ.

ರೇನ್‌ಕೋಟ್ ತಾ, ಛತ್ರಿ ಬೇಡ, ಇಲ್ಲಿನ ಗಾಳಿಗೆ ಅದು ತಿರುಗಿಕೊಂಡುಬಿಡುತ್ತದೆ. ಹೊರಡುವ ಹಿಂದಿನ ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗು. ಅಜ್ಜಿ ಖಂಡಿತ ಡಬ್ಬಿ ತುಂಬ ತುಪ್ಪ ಕಟ್ಟುತ್ತಾರೆ. ಹಾಲಿನ ಪದಾರ್ಥ ಯಾವುದನ್ನೂ ಅಲ್ಲಿಂದ ಇಲ್ಲಿಗೆ ತರುವ ಹಾಗಿಲ್ಲ, ಸಿಕ್ಕರೆ ಕಸ್ಟಮ್ಸ್‌ನವರು ಬಿಸಾಕುತ್ತಾರೆ. ಅದನ್ನು ಅಜ್ಜಿಗೆ ಹೇಳಬೇಡ. ಇವತ್ತಿನಿಂದಲೇ ದಿನವೂ ಎರಡು ಚಮಚ ಜಾಸ್ತಿ ಹಾಕಿಸಿಕೊಂಡು ತಿನ್ನು. ಉಳಿದದ್ದನ್ನು ಅಪ್ಪನ ಕೈಯಲ್ಲಿ ಮೆಲ್ಲಗೆ ಅತ್ತೆ ಮನೆಗೆ ಕಳಿಸು.

ನಿನ್ನ
ಅಮ್ಮ