ಫೆಬ್ರವರಿ 14: ಆಚಾರ್ಯರ ನೆನಪು

ಎಲ್ಲರಿಗೂ ನಮಸ್ಕಾರ. ನಮ್ಮ ಉಡುಪಿಯ ಡಾ. ವಿ. ಎಸ್. ಆಚಾರ್ಯರು ತೀರಿಕೊಂಡದ್ದು 2012ರ ಫೆಬ್ರವರಿ 14ರಂದು. ಆಗ ಅವರು ಉನ್ನತ ಶಿಕ್ಷಣ ಸಚಿವರು. ಬೆಂಗಳೂರಿನ ಕಾರ್ಯಕ್ರಮವೊಂದರಲ್ಲಿ ಕುಸಿದುಬಿದ್ದರು. ಕೊನೆಯ ದಿನವೂ ಕೆಲಸದಲ್ಲೇ ಇದ್ದರು.

ಗೃಹ ಸಚಿವರೂ ಆಗಿದ್ದರು, ನಿಜ. ಆದರೆ ನನಗೆ ಜಾಸ್ತಿ ದೊಡ್ಡದಾಗಿ ಕಾಣುವುದು ಪುರಸಭೆಯ ಆಚಾರ್ಯರು. ವೃತ್ತಿಯಿಂದ ವೈದ್ಯರು. 1968ರಲ್ಲಿ ಪುರಸಭೆ ಅಧ್ಯಕ್ಷರಾದಾಗ ಇನ್ನೂ ಮೂವತ್ತೂ ತುಂಬಿರಲಿಲ್ಲ. ಆಗಿನ ಕಾಲದಲ್ಲಿ ಮನೆಮನೆಯ ಕಕ್ಕಸಿನಿಂದ ಮಲ ತುಂಬಿಕೊಂಡು ತಲೆ ಮೇಲೆ ಹೊತ್ತು ಸಾಗಿಸಬೇಕಿತ್ತು. ಅದನ್ನು ಅವರ ಆಡಳಿತ ನಿಲ್ಲಿಸಿತು. ದೇಶದಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1993ರಲ್ಲಿ! ಸ್ವರ್ಣಾ ನದಿಯ ನೀರು ನಲ್ಲಿಗೆ ಬಂದದ್ದರ ಹಿಂದೆಯೂ ಅವರ ಶ್ರಮ ಇದೆ. ಇಂಥ ಕೆಲಸಕ್ಕೆ ಹಾರ ತುರಾಯಿ ಕಡಿಮೆ, ಅಲ್ವಾ? ಉಪಕಾರ ಮಾತ್ರ ಪ್ರತಿ ಮನೆಗೂ.

ಈಗ ವಿನಂತಿ. 14ರಂದು ಗ್ರೂಪಿನಲ್ಲಿ ಸುಮ್ನೆ ಹೂವಿನ ಚಿತ್ರ, ಫಾರ್ವರ್ಡ್ ಹಾಕಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನಲ್ಲಿ ಬರುವ ಮೊದಲು ನೀರಿಗೆ ಏನು ಮಾಡುತ್ತಿದ್ದಿರಿ, ಡಾಕ್ಟರ್ ಆಚಾರ್ಯರ ಹತ್ತಿರ ಯಾವತ್ತಾದರೂ ಹೋಗಿದ್ದಿರಾ ಅಂತ. ತುಳುವಿನಲ್ಲೇ ಹೇಳಲಿ, ವಾಯ್ಸ್ ಮೆಸೇಜ್ ಕಳಿಸಿ. ಹಳೆಯ ಫೋಟೋ ಇದ್ದರೆ ಯಾವ ವರ್ಷದ್ದು, ಎಲ್ಲಿಯದು ಅಂತ ಬರೆಯಿರಿ. ಪಕ್ಷದ ಚರ್ಚೆ ಆ ದಿನ ಬೇಡ.